ಮೂರನೆಯ ಸೆಟ್ಟಿಗೆ ನಾನು ಇಳಿದದ್ದು

ಮೊನ್ನೆ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕಾಫಿಗೆ ಕೂತಿದ್ದೆ. ಗೋಡೆಯ ಟೀವಿಯಲ್ಲಿ ವಾಲಿಬಾಲ್ ಬರುತ್ತಿತ್ತು. ನಮ್ಮ ಹಳೇಬೀಡಿನ ಹೋಟೆಲಿನಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಆಟ ಕಾಣಿಸಿತೆಂದರೆ ರಿಮೋಟು ಕಳೆದುಹೋಗಿದೆ ಎಂದು ತಿಳಿಯಬೇಕು. ಯಾವುದೋ ಎರಡು ದೇಶಗಳು ಆಡುತ್ತಿದ್ದವು. ಆಟ ಮುಗಿಯಿತು. ಗೆದ್ದವರು ಕೈ ಕುಲುಕಿ ಸುಮ್ಮನೆ ಹೋದರು. ಸೋತವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯತೊಡಗಿದರು.

ಕ್ಯಾಷಿನಲ್ಲಿ ಕೂತಿದ್ದ ಹೋಟೆಲಿನವನು, "ಇದೇನ್ರೀ, ಸೋತೋರು ಕುಣೀತಾವ್ರೆ?" ಅಂದ.

ನಾನು ಹೇಳಿದೆ: "ಅವರು ಮೊದಲೇ ಬೇಕಾದಷ್ಟು ಗೆದ್ದಿದ್ದಾರೆ. ಇವತ್ತು ಒಂದು ಸೆಟ್ ಸಿಕ್ಕಿದ್ದರೆ ಸಾಕಾಗಿತ್ತು, ಸಿಕ್ಕಿತು. ದೊಡ್ಡ ಪಂದ್ಯಾವಳಿಗೆ ಅವರಿಗೆ ಜಾಗ ಆಯ್ತು. ಇಬ್ಬರು ಸಮ ಬಂದರೆ ಸೆಟ್ಟಿನ ಲೆಕ್ಕ ನೋಡ್ತಾರೆ, ಅದೂ ಸಮ ಬಂದರೆ ಪಾಯಿಂಟಿನ ಲೆಕ್ಕ."

"ನಿಮಗೆ ಇವೆಲ್ಲಾ ಹೆಂಗೆ ಗೊತ್ತು ಯಜಮಾನ್ರೇ?"

ಕಾಫಿ ಆರಿಹೋಗಿದೆ, ಬಿಸಿ ಮಾಡಿಸು ಅಂದೆ. ಆರಿರಲಿಲ್ಲ.

ಹೇಗೆ ಗೊತ್ತು ಎಂಬುದನ್ನು ನಿಮಗೆ ಹೇಳುತ್ತೇನೆ. ಹೋಟೆಲಿನವನಿಗೆ ಹೇಳುವಷ್ಟು ಧೈರ್ಯ ಅವತ್ತು ಇರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹಳೇಬೀಡಿನಲ್ಲಿ ನನ್ನದೊಂದು ಸೈಕಲ್ ಷಾಪು ಇತ್ತು. ಸೈಕಲ್ ಷಾಪು ಅಂದಮೇಲೆ ಪಂಪು ಇರುತ್ತದೆ. ಊರ ವಾಲಿಬಾಲಿಗೆ ಗಾಳಿ ತುಂಬಲು ಪ್ರತಿ ಸಂಜೆ ಹುಡುಗರು ನನ್ನಲ್ಲಿಗೆ ಬರಬೇಕಾಗಿತ್ತು. ಹೀಗೆ ನಾನು ತಂಡದ ಮ್ಯಾನೇಜರ್ ಆದೆ. ಬೇರೆ ಅರ್ಹತೆ ಏನೂ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ದಿನಪತ್ರಿಕೆಯ ಆಟದ ಪುಟವನ್ನು ಕೊನೆಯ ಸಾಲಿನವರೆಗೆ ಓದುತ್ತಿದ್ದೆ, ಅಷ್ಟೆ. ಆಡಲು ಮಾತ್ರ ಬರುತ್ತಿರಲಿಲ್ಲ. ಆದರೂ ಬದಲಿ ಆಟಗಾರರ ಸಾಲಿನಲ್ಲಿ ನನ್ನ ಹೆಸರು ಯಾವಾಗಲೂ ಇರುತ್ತಿತ್ತು. ಸೇರಿಸುತ್ತಿದ್ದವನು ನಾನೇ.

ತಂಡದಲ್ಲಿ ಇಬ್ಬರನ್ನು ನೀವು ನೆನಪಿಟ್ಟುಕೊಂಡರೆ ಸಾಕು. ಒಬ್ಬ ಮಂಜೇಗೌಡ, ಕ್ಯಾಪ್ಟನ್. ರಾಗಿ ಹೊಲ, ತೆಂಗಿನ ತೋಟ ಇದ್ದ ಮನೆಯವನು, ಬಾಯಿ ಜೋರು. ಚೆಂಡನ್ನು ನೆಟ್ಟಿನ ಮೇಲೆ ಹೂವಿನಂತೆ ಎತ್ತಿ ಕೊಡುತ್ತಿದ್ದ. ಇನ್ನೊಬ್ಬ ಬಸ್ತಿಹಳ್ಳಿಯ ಧರಣೇಂದ್ರ. ಜೈನರ ಹುಡುಗ, ಅಪ್ಪನದು ಬಟ್ಟೆ ಅಂಗಡಿ. ಮಂಜ ಎತ್ತಿದ ಚೆಂಡನ್ನು ಇವನು ಹಾರಿ ಹೊಡೆದರೆ ಎದುರಿನವರು ಕೈ ಕೊಡುವ ಬದಲು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಇಬ್ಬರೂ ಒಂದನೇ ಕ್ಲಾಸಿನಿಂದ ಜೊತೆಗಿದ್ದವರು. ಧರಣ ಮಂಜನ ಅವ್ವನನ್ನು ತಾನೂ ಅವ್ವ ಎಂದೇ ಕರೆಯುತ್ತಿದ್ದ. ಆಕೆ ಇವನಿಗೆಂದು ಈರುಳ್ಳಿ ಹಾಕದ ಉಪ್ಪಿಟ್ಟನ್ನು ಬೇರೆ ಬಾಣಲೆಯಲ್ಲಿ ಮಾಡುತ್ತಿದ್ದಳು.

ಧರಣನ ಮನೆಯವರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವವರಲ್ಲ. ಇದರಿಂದ ನಮ್ಮ ತಂಡಕ್ಕೆ ಒಂದು ವಿಶೇಷ ಶೈಲಿ ಬಂದಿತ್ತು. ಆಗಿನ ಆಟದಲ್ಲಿ ಸರ್ವೀಸ್ ಮಾಡಿದವರಿಗೆ ಮಾತ್ರ ಪಾಯಿಂಟು. ಸರ್ವೀಸ್ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡುತ್ತಲೇ ಇದ್ದು, ಪಾಯಿಂಟು ಬೋರ್ಡು ಮಾತ್ರ ಕಲ್ಲಿನಂತೆ ಕೂತಿರುತ್ತಿತ್ತು. ಬೇರೆ ತಂಡಗಳು ಹೀಗೆ ಕತ್ತಲಾಗುವವರೆಗೆ ಎಳೆದಾಡುತ್ತಿದ್ದವು. ನಾವು ಮಾತ್ರ ಬಸ್ಸು ತಪ್ಪಿಹೋಗುವವರಂತೆ ಹೊಡೆದು ಮುಗಿಸುತ್ತಿದ್ದೆವು. ಸುತ್ತಲಿನ ಊರುಗಳಲ್ಲಿ ಇದಕ್ಕೆ ಹಳೇಬೀಡು ಆಟ ಎಂಬ ಹೆಸರೇ ಬಿದ್ದಿತ್ತು. ಅದರ ಹಿಂದೆ ಇದ್ದದ್ದು ಧರಣನ ತಾಯಿ ಕಟ್ಟಿ ಕಳಿಸುತ್ತಿದ್ದ ಚಪಾತಿ ಎಂದು ಯಾರಿಗೂ ಗೊತ್ತಿರಲಿಲ್ಲ.

ನಾನು ಸಂಜೆ ಆಟ ಮುಗಿದ ಮೇಲೆ ಇವರಿಗೆ ಪಾಠ ಮಾಡುತ್ತಿದ್ದೆ. ಒಂದು ದೇಶದ ತಂಡ ಒಲಿಂಪಿಕ್ಸಿಗೆ ಹೋಗುವುದು ಹೇಗೆ ಎಂಬುದು ನನ್ನ ಇಷ್ಟದ ವಿಷಯ. ಆತಿಥೇಯ ದೇಶಕ್ಕೆ ನೇರವಾಗಿ ಜಾಗ, ಲೋಕ ಗೆದ್ದವರಿಗೆ ಜಾಗ, ಒಂದೊಂದು ಖಂಡ ಗೆದ್ದವರಿಗೆ ಒಂದೊಂದು, ಉಳಿದವರು ತಮ್ಮತಮ್ಮಲ್ಲೇ ಬಡಿದಾಡಿ ಉಳಿದ ಜಾಗ ಹಿಡಿಯಬೇಕು.

"ಆತಿಥೇಯ ಅಂದ್ರೆ?" ಅಂತ ಮಂಜ.

"ಯಾರ ಊರಲ್ಲಿ ಆಟ ನಡೆಯುತ್ತೋ ಅವರು. ಅವರು ಯಾರನ್ನೂ ಸೋಲಿಸಬೇಕಾಗಿಲ್ಲ."

"ಹಂಗಾರೆ ಒಲಿಂಪಿಕ್ಸ್ನ ನಮ್ಮ ಕೆರೆ ಏರಿ ಕೆಳಗೇ ಮಾಡಿಸ್ಬುಡು ಕಣ್ಲಾ. ಪಂಪು ಹೆಂಗೂ ನಿನ್ನದೈತೆ."

ಧರಣ ನಗುತ್ತಿದ್ದ, ಆದರೆ ಕೇಳಿಸಿಕೊಳ್ಳುತ್ತಿದ್ದವನು ಅವನೊಬ್ಬನೇ. ಹೋಬಳಿಯಿಂದ ಜಿಲ್ಲೆ, ಜಿಲ್ಲೆಯಿಂದ ರಾಜ್ಯ, ರಾಜ್ಯದಿಂದ ದೇಶ, ದೇಶದಿಂದ ಏಷ್ಯಾ. ಇದನ್ನು ಅವನು ಬಸ್ಸಿನ ಸ್ಟಾಪುಗಳಂತೆ ಬಾಯಿಪಾಠ ಮಾಡಿದ್ದ.

ಆ ವರ್ಷ ಜಿಲ್ಲಾ ಪಂದ್ಯಾವಳಿಗೆ ರಾಜ್ಯ ತಂಡದ ಆಯ್ಕೆಗಾರರು ಬರುತ್ತಾರೆ ಎಂದು ಸುದ್ದಿಯಿತ್ತು. ಧರಣನ ಅಪ್ಪ ಹೇಳಿಬಿಟ್ಟಿದ್ದರು: "ಈ ಸಲ ನಿನ್ನನ್ನು ಯಾರಾದರೂ ಆರಿಸಿದರೆ ಹೋಗು. ಇಲ್ಲದಿದ್ದರೆ ಅಂಗಡಿಗೆ ಬಂದು ಕೂತುಕೋ, ಚೆಂಡಿನ ಮಾತು ಮತ್ತೆ ಎತ್ತಬೇಡ." ನಮ್ಮ ಕಡೆಯಿಂದ ಕೊನೆಗೆ ಉಳಿದದ್ದು ಮೂರು ತಂಡ: ಅರಸೀಕೆರೆ, ಬೇಲೂರು, ಹಳೇಬೀಡು. ಮೂವರಲ್ಲಿ ಇಬ್ಬರಿಗೆ ಜಾಗ. ನಾವು ಬೇಲೂರನ್ನು ಎರಡು-ಒಂದು ಸೆಟ್ಟಿನಿಂದ ಸೋಲಿಸಿದೆವು. ಬೇಲೂರು ಅರಸೀಕೆರೆಯನ್ನು ಅದೇ ಎರಡು-ಒಂದರಿಂದ ಸೋಲಿಸಿತು. ಉಳಿದದ್ದು ನಮಗೂ ಅರಸೀಕೆರೆಗೂ ಪಂದ್ಯ, ಅವರ ಊರಿನಲ್ಲಿ.

ಜಾವಗಲ್ ಮೇಲಿನ ಬಸ್ಸಿನಲ್ಲಿ ಹೋದೆವು. ಅರಸೀಕೆರೆ ಜಂಕ್ಷನ್ ಊರು, ಅಲ್ಲಿ ಜನ ರೈಲು ನೋಡಿ ಪಳಗಿದವರು, ಯಾರಿಗೂ ಹೆದರುವುದಿಲ್ಲ. ರೈಲ್ವೆ ಗೂಡ್ಸ್ ಷೆಡ್ಡಿನ ಪಕ್ಕದ ಮೈದಾನದಲ್ಲಿ ಕೊಬ್ಬರಿ ಮಂಡಿಯವರೆಲ್ಲ ಬಾಗಿಲು ಹಾಕಿಕೊಂಡು ಬಂದು ನಿಂತಿದ್ದರು. ಅಷ್ಟು ಜನರ ಮುಂದೆ ನಮ್ಮವರು ಅದುವರೆಗೆ ಆಡಿರಲಿಲ್ಲ. ನಾನಂತೂ ಎಷ್ಟು ಜನರ ಮುಂದೆಯೂ ಆಡಿರಲಿಲ್ಲ.

ಮೊದಲ ಸೆಟ್ ನಮ್ಮದು. ಎರಡನೆಯದು ಎಳೆದೂ ಎಳೆದೂ ಅವರದಾಯಿತು. ಬಿಸಿಲು ಇಳಿಯುತ್ತಿತ್ತು. ಆಗ ಗೆರೆಯ ಹೊರಗೆ ಟವೆಲ್ಲು ಹಿಡಿದು ಕೂತಿದ್ದ ನನ್ನ ತಲೆಯಲ್ಲಿ ಲೆಕ್ಕ ಓಡಿತು. ಮೂರನೆಯ ಸೆಟ್ ಸೋತರೆ ಏನಾಗುತ್ತದೆ? ಮೂವರಿಗೂ ಒಂದೊಂದು ಗೆಲುವು. ಆದರೆ ನಾವು ಬೇಲೂರನ್ನು ಸೋಲಿಸಿದ್ದೇವೆ, ಆದ್ದರಿಂದ ಬೇಲೂರಿಗಿಂತ ಮೇಲೆ. ಅಂದರೆ ಸೋತರೂ ನಮಗೆ ಜಾಗ ಉಂಟು. ಈ ಸೆಟ್ಟಿಗೆ ಅರ್ಥವೇ ಇಲ್ಲ. ಅರ್ಥವಿಲ್ಲದ ಸೆಟ್ಟನ್ನು ಯಾರು ಆಡಿದರೇನು, ನಾನೇ ಏಕೆ ಆಡಬಾರದು?

ಇದನ್ನು ಇಷ್ಟು ಸ್ಪಷ್ಟವಾಗಿ ಯೋಚಿಸಿದೆನೇ ಎಂದು ನೀವು ಕೇಳಬಹುದು. ಹೌದು, ಇಷ್ಟೇ ಸ್ಪಷ್ಟವಾಗಿ. ಮರೆತೆ, ಗೊತ್ತಾಗಲಿಲ್ಲ, ಕಾಲದೋಷ ಎಂದೆಲ್ಲ ಹೇಳಿಕೊಂಡು ಎಷ್ಟೋ ವರ್ಷ ನೋಡಿದ್ದೇನೆ. ಯಾವುದೂ ಹೊಂದಲಿಲ್ಲ.

ಧರಣನ ಹತ್ತಿರ ಹೋದೆ. "ಜಾಗ ಆಗಿಹೋಗಿದೆ ಕಣೋ, ಈ ಸೆಟ್ ಲೆಕ್ಕಕ್ಕಿಲ್ಲ. ಹೊತ್ತು ಮುಳುಗುತ್ತೆ, ನೀನು ಹೋಗಿ ಊಟ ಮಾಡಬೇಕಂತೆ. ಮಂಜ ಹೇಳಿದ," ಅಂದೆ.

"ಒಂದು ಹೊತ್ತು ಬಿಟ್ಟರೆ ನಮಗೇನೂ ಆಗಲ್ಲ. ಉಪವಾಸ ನಮಗೆ ಹೊಸದಾ? ಆಡ್ತೀನಿ."

"ಕ್ಯಾಪ್ಟನ್ ಮಾತು ಕಣೋ."

ಅವನು ಮಂಜನ ಕಡೆ ನೋಡಿದ. ಮಂಜ ನೀರು ಕುಡಿಯುತ್ತಿದ್ದ. ಧರಣ ಬುತ್ತಿ ತೆಗೆದುಕೊಂಡು ಗೂಡ್ಸ್ ಷೆಡ್ಡಿನ ಹಿಂದಕ್ಕೆ ಹೋದ.

ಆಮೇಲೆ ಮಂಜನ ಹತ್ತಿರ ಹೋಗಿ, "ಧರಣ ಊಟಕ್ಕೆ ಹೋದ. ಹೊತ್ತು ಮುಳುಗುತ್ತೆ, ಇನ್ನು ಆಗಲ್ಲ ಅಂದ. ಅವನ ಬದಲು ನಾನು ಇಳೀತೀನಿ," ಅಂದೆ.

ಮಂಜನ ಮುಖ ಹೇಗಾಯಿತೆಂದರೆ, ಯಾರೋ ಹಿಂದಿನಿಂದ ಹೊಡೆದಂತೆ. "ಧರಣಾನಾ? ಹಂಗಂದ್ನಾ?" ಅಂದ. ಅಷ್ಟರಲ್ಲಿ ವಿಷಲ್ ಆಯಿತು.

ನನ್ನ ಆಟವನ್ನು ವರ್ಣಿಸುವುದಿಲ್ಲ. ಸರ್ವೀಸನ್ನು ನೆಟ್ಟಿಗೆ ಹೊಡೆದೆ. ಇನ್ನೊಂದನ್ನು ನಮ್ಮವನ ಬೆನ್ನಿಗೇ ಹೊಡೆದೆ. ಕೊಬ್ಬರಿ ಮಂಡಿಯವರಲ್ಲೊಬ್ಬ, "ಏನ್ಲಾ, ಹಳೇಬೀಡಿನಿಂದ ಕಲ್ಲಿನ ಬೊಂಬೆ ತಂದು ನಿಲ್ಲಿಸವ್ರೆ!" ಎಂದು ಕೂಗಿದ. ಜನ ನಕ್ಕರು. ಮಧ್ಯದಲ್ಲಿ ಮಂಜ ನನ್ನ ಪಕ್ಕ ಬಂದು, "ಅವನ್ನ ಕರ್ಕೊಂಡ್ಬಾ ಹೋಗು" ಅಂದ. "ಉಣ್ಣೋರನ್ನ ಯಾರಾದ್ರೂ ಎಬ್ಬಿಸ್ತಾರೇನೋ?" ಅಂದೆ. ನಮ್ಮ ಕಡೆ ಶತ್ರುವನ್ನೂ ಉಣ್ಣುವಾಗ ಎಬ್ಬಿಸುವುದಿಲ್ಲ. ಮಂಜ ತನ್ನ ಜಾಗಕ್ಕೆ ಹೋದ. ಧರಣ ಅಷ್ಟರಲ್ಲಿ ಊಟ ಮುಗಿಸಿ ಷೆಡ್ಡಿನ ಮೂಲೆಗೆ ಬಂದು ನಿಂತಿದ್ದದ್ದು ನನಗೆ ಕಾಣುತ್ತಿತ್ತು. ಮಂಜ ಆ ಕಡೆಗೆ ಬೆನ್ನು ಹಾಕಿದ್ದ.

ಹೀನಾಯವಾಗಿ ಸೋತೆವು. ನಾನು ಮಾತ್ರ ಪಂದ್ಯ ನಡೆಸುತ್ತಿದ್ದ ಡ್ರಿಲ್ ಮೇಷ್ಟರ ಹತ್ತಿರ ನಗುನಗುತ್ತಾ ಹೋದೆ. ಅವರು ಜಾಗ ಅರಸೀಕೆರೆಗೆ ಮತ್ತು ಬೇಲೂರಿಗೆ ಎಂದರು.

"ಸಾರ್, ನಾವು ಬೇಲೂರನ್ನ ಸೋಲಿಸಿದ್ದೀವಿ!"

"ಹೌದಪ್ಪ. ಬೇಲೂರು ಅರಸೀಕೆರೆಯನ್ನ ಸೋಲಿಸಿದೆ. ಅರಸೀಕೆರೆ ಈಗ ನಿಮ್ಮನ್ನ ಸೋಲಿಸಿತು. ಗಾಣದೆತ್ತು ಸುತ್ತಿದ ಹಾಗೆ ಸುತ್ತುತ್ತೆ. ಯಾರನ್ನ ಮೇಲಿಡಲಿ? ಸೆಟ್ಟೂ ಮೂವರದೂ ಸಮ. ಪಾಯಿಂಟೇ ನೋಡಬೇಕು. ಕೊನೇ ಸೆಟ್ಟಲ್ಲಿ ಒಂದಿಷ್ಟು ಪಾಯಿಂಟು ಹಿಡಿದಿದ್ದರೂ ನಿಮ್ಮದೇ ಜಾಗ. ಆ ನಾಲ್ಕನೇ ನಂಬರಿನವನು ಯಾರಪ್ಪ ಅದು?"

ನಾಲ್ಕನೇ ನಂಬರಿನ ಬನಿಯನ್ ತೊಟ್ಟಿದ್ದವನು ನಾನೇ.

ವಾಪಸು ಬಸ್ಸಿನಲ್ಲಿ ಮೂವರು ಕೂರುವ ಸೀಟಿನಲ್ಲಿ ಅವರಿಬ್ಬರ ನಡುವೆ ನಾನು ಕೂತೆ. ಬೇಕೆಂದೇ ಕೂತೆ. ಜಾವಗಲ್ ದಾಟಿದ ಮೇಲೆ ಮಂಜ ನನ್ನ ಎದೆಯ ಮೇಲಿಂದ ಬಗ್ಗಿ, "ಹೊಟ್ಟೆ ತುಂಬ್ತೇನಪ್ಪಾ?" ಅಂದ. ತಾನೇ ಊಟಕ್ಕೆ ಕಳಿಸಿ ತಾನೇ ಹಂಗಿಸುತ್ತಾನೆ ಎಂದು ಧರಣನಿಗೆ ಅನ್ನಿಸಿರಬೇಕು. ಅವನು ಕಿಟಕಿಯ ಕಡೆ ತಿರುಗಿದ. ಅವನು ಆ ಕಡೆ ತಿರುಗಿದ್ದನ್ನು ಮಂಜ ಸೊಕ್ಕು ಎಂದುಕೊಂಡ. ನಾನು ಕಣ್ಣು ಮುಚ್ಚಿಕೊಂಡು ನಿದ್ದೆ ಮಾಡುವವನ ಹಾಗೆ ತಲೆ ಆಡಿಸಿದೆ.

ಊರಿನಲ್ಲಿ ಎಲ್ಲರೂ ಧರಣ ಊಟಕ್ಕೋಸ್ಕರ ಪಂದ್ಯ ಬಿಟ್ಟ ಎಂದರು. ಅವನಿಗೆ ಊಟದ ಧರಣ ಎಂದು ಹೆಸರಾಯಿತು. ಅಪ್ಪ ಹೇಳಿದಂತೆ ಬಟ್ಟೆ ಅಂಗಡಿಯಲ್ಲಿ ಕೂತಾಗ ಅದು ಊಟದೋರ ಅಂಗಡಿ ಆಯಿತು. ಹೊರಗಿನಿಂದ ಬಂದವರು ಹೋಟೆಲು ಎಂದು ಹುಡುಕಿಕೊಂಡು ಹೋದದ್ದೂ ಉಂಟು.

ಒಂದು ಸಲ, ಒಂದೇ ಸಲ, ಅವನು ನನ್ನ ಷಾಪಿಗೆ ಬಂದ. ಸೈಕಲ್ಲಿಗೆ ಏನೂ ಆಗಿರಲಿಲ್ಲ. "ಅವತ್ತು ನನ್ನನ್ನ ಕಳಿಸು ಅಂತ ಮಂಜ ನಿಜವಾಗ್ಲೂ ಹೇಳಿದ್ನಾ?" ಅಂದ. ನಾನು ಟ್ಯೂಬಿನ ಗುಳ್ಳೆ ನೋಡುತ್ತಾ, "ಹೋಗ್ಲಿ ಬಿಡೋ, ಅವನೂ ಒಳ್ಳೇದಕ್ಕೇ ಹೇಳಿದ್ದು," ಅಂದೆ. ಅರಸೀಕೆರೆಯಲ್ಲಿ ಆಡಿದ ಸುಳ್ಳನ್ನು ಅವಸರಕ್ಕೆ ಆಡಿದ್ದು ಎನ್ನಬಹುದೇನೋ. ಇದನ್ನು ಮಾತ್ರ ನೆರಳಿನಲ್ಲಿ, ಆರಾಮವಾಗಿ ಕೂತು ಆಡಿದೆ.

ಅಲ್ಲಿಂದಾಚೆಗೆ ಅವರಿಬ್ಬರ ನಡುವೆ ಮಾತಿಲ್ಲ. ಏನಾದರೂ ತಿಳಿಸಬೇಕಾದರೆ ನನ್ನ ಮೂಲಕ. ಮಂಜನ ತೋಟದ ನೀರಿನ ವಿಷಯ, ಧರಣನ ಮನೆ ಗೃಹಪ್ರವೇಶದ ವಿಷಯ, ಎಲ್ಲವನ್ನೂ ನಾನೇ ಹೊತ್ತು ತಿರುಗಿದೆ. ಇಬ್ಬರೂ ನನ್ನನ್ನು ಒಳ್ಳೆಯವನು ಎನ್ನುತ್ತಿದ್ದರು. ನನ್ನ ಮಗನ ಮದುವೆಯಲ್ಲಿ ಇಬ್ಬರೂ ಮುಂದಿನ ಸಾಲಿನಲ್ಲಿ ಕೂತಿದ್ದರು, ಒಬ್ಬ ಈ ತುದಿ, ಒಬ್ಬ ಆ ತುದಿ.

ಹೋಟೆಲಿನಿಂದ ಎದ್ದವನು ಮನೆಗೆ ಹೋಗದೆ ನೇರ ಮಂಜನ ಜಗುಲಿಗೆ ಹೋದೆ. ಅವನಿಗೆ ಈಗ ಮೊಣಕಾಲು ನೋವು, ಕೋಲು ಹಿಡಿದು ಓಡಾಡುತ್ತಾನೆ. ಎಲ್ಲವನ್ನೂ ಹೇಳಿದೆ. ಮೊದಲಿಗೆ ಲೆಕ್ಕ, ಆಮೇಲೆ ಸುಳ್ಳು, ಕೊನೆಗೆ ಆಡಬೇಕೆಂಬ ಆಸೆ.

"ನಿನಗೆ ಆಡೋ ಆಸೆ ಇತ್ತಾ?" ಅಂದ.

"ಇತ್ತು."

"ಥೂ. ಕೇಳಿದ್ದರೆ ಯಾವುದಾದ್ರೂ ಊರ ಪಂದ್ಯಕ್ಕೆ ಇಳಿಸ್ತಿದ್ನಲ್ಲೋ." ಆಮೇಲೆ ಎದ್ದ. "ಆಟೋ ಕರಿ. ಬಸ್ತಿಹಳ್ಳಿಗೆ ಹೋಗಬೇಕು."

ಧರಣ ಮನೆಯ ಮುಂದೆ ಗಿಡಕ್ಕೆ ನೀರು ಹಾಕುತ್ತಿದ್ದ. ಆಟೋದಿಂದ ಮಂಜ ಇಳಿದದ್ದನ್ನು ನೋಡಿ ಅವನ ಕೈಯ ಚೊಂಬು ಹಾಗೇ ನಿಂತಿತು. ನಾನು ಇನ್ನೊಮ್ಮೆ ಮೊದಲಿನಿಂದ ಹೇಳಿದೆ. ಆಯ್ಕೆಯ ಅವಕಾಶ ತಪ್ಪಿಸಿದೆ, ನಿನ್ನ ಬದುಕು ಕೆಡಿಸಿದೆ, ಕ್ಷಮಿಸು ಎಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನೂ ಹೇಳಿದೆ.

"ಆಯ್ಕೆ ಬಿಡು," ಅಂದ ಧರಣ. "ನನಗಿಂತ ಎತ್ತರದವರು ಬೇಕಾದಷ್ಟು ಜನ ಇದ್ದರು. ಆದರೆ ಇವನ ಅವ್ವ ಸತ್ತಾಗ ನಾನು ಹೋಗಲಿಲ್ಲ ಕಣೋ. ರಸ್ತೆಯ ಆಚೆ ನಿಂತು ನೋಡಿದೆ."

ಮಂಜ, "ನೋಡಿದೆ ನಾನೂ," ಅಂದ. "ನೀನು ನಿಂತಿದ್ದು ಕಾಣ್ತಿತ್ತು. ನಾನೂ ಕರೀಲಿಲ್ಲ."

ಧರಣ ಒಳಗಿನಿಂದ ಒಂದು ಕುರ್ಚಿ ತಂದು ಮಂಜನಿಗೆ ಹಾಕಿದ. ಇನ್ನೊಂದು ಕುರ್ಚಿ ತಂದು ತಾನು ಕೂತ. ನಾನು ಸ್ವಲ್ಪ ಹೊತ್ತು ನಿಂತಿದ್ದು, ಆಟೋದವನಿಗೆ ಕಾಯಬೇಡ ಎಂದು ಹೇಳಿ, ನಡೆದುಕೊಂಡೇ ಬಂದೆ.

ಈಗ ಮಂಜ ದಿನಾ ಬೆಳಿಗ್ಗೆ ಬಸ್ತಿಹಳ್ಳಿಗೆ ಹೋಗುತ್ತಾನೆ. ಬಸದಿಗಳ ಹೊರಗಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿರುತ್ತಾರೆ. ನನ್ನ ಜೊತೆ ಇಬ್ಬರೂ ಮಾತಾಡುವುದಿಲ್ಲ. ಸುದ್ದಿ ಹೊರುವ ಕೆಲಸವೂ ಹೋಯಿತು, ಒಳ್ಳೆಯವನು ಎಂಬ ಹೆಸರೂ ಹೋಯಿತು. ಮೊದಲೇ ಹೋಗಬೇಕಿತ್ತು. ನಾನೂ ದಿನಾ ಆ ಕಡೆಗೆ ವಾಕಿಂಗ್ ಹೋಗುತ್ತೇನೆ, ರಸ್ತೆಯ ಆಚೆ ಬದಿಯಲ್ಲಿ. ನಾನು ಹತ್ತಿರ ಬಂದಾಗ ಅವರ ಮಾತು ನಿಲ್ಲುತ್ತದೆ. ದಾಟಿ ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಇಬ್ಬರೂ ನಗುವುದು ಕೇಳಿಸುತ್ತದೆ. ಆಗ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುವವನಂತೆ ಬಗ್ಗಿ, ಅವರ ನಗು ಮುಗಿಯುವವರೆಗೆ ಅಲ್ಲೇ ಇರುತ್ತೇನೆ.