ದಾರಿಗೆ ಅಡ್ಡ ಇಟ್ಟ ಸೊಪ್ಪು

ನೀಲಗಿರಿಯಲ್ಲಿ ಹುಟ್ಟಿದವನಿಗೆ ಕಾಡು ತಾನಾಗಿಯೇ ಗೊತ್ತಿರುತ್ತದೆ ಎಂದು ಯಾವ ಪುಣ್ಯಾತ್ಮ ಹಬ್ಬಿಸಿದನೋ ಕಾಣೆ. ನಾನು ಬಡಗರ ಹಟ್ಟಿಯಲ್ಲಿ ಹುಟ್ಟಿದ್ದು ನಿಜ. ಆದರೆ ಏಳನೆಯ ವಯಸ್ಸಿಗೇ ಹಾಸ್ಟೆಲು ಸೇರಿದೆ. ಅಲ್ಲಿಂದಾಚೆಗೆ ನಾನು ಕಂಡ ಕಾಡೆಂದರೆ ಊಟಿಯ ಸಸ್ಯೋದ್ಯಾನ. ಅಲ್ಲಿ ಒಂದೊಂದು ಮರಕ್ಕೂ ಹೆಸರಿನ ಹಲಗೆ ಇರುತ್ತದೆ, ಕುಳಿತುಕೊಳ್ಳಲು ಬೆಂಚೂ ಇರುತ್ತದೆ.

ಓದು ಮುಗಿಸಿ ಊಟಿಯ ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ಹಂಗಾಮಿ ಮೇಷ್ಟ್ರಾದೆ. ಆ ವರ್ಷ ಶಾಲೆಯವರಿಗೆ ಹೊಸದೊಂದು ಹುಚ್ಚು ಹಿಡಿಯಿತು. ಹುಡುಗರನ್ನು ಬೆಟ್ಟಗುಡ್ಡ ಸುತ್ತಿಸಬೇಕು, ಅದಕ್ಕೆ ಮೊದಲು ಮೇಷ್ಟ್ರುಗಳು ಕಾಡಿನ ವಿದ್ಯೆ ಕಲಿಯಬೇಕು. ಕಲಿಸುವುದಕ್ಕೆ ಪಟಾಲಮಿನಿಂದ ನಿವೃತ್ತನಾಗಿ ಗುಲಾಬಿ ಬೆಳೆಸಿಕೊಂಡಿದ್ದ ಒಬ್ಬ ಬಿಳಿ ದೊರೆಯನ್ನು ಗೊತ್ತುಮಾಡಿದರು. ಆತ ಸರ್ಟಿಫಿಕೇಟು ಕೊಟ್ಟರೆ ನನ್ನ ಕೆಲಸ ಖಾಯಂ. ಕೊಡದಿದ್ದರೆ ಹಟ್ಟಿಗೆ ಹೋಗಿ ಆಲೂಗಡ್ಡೆ ಅಗೆಯಬೇಕು.

ಪಾಠವೆಲ್ಲ ದೊರೆಯ ಬಂಗಲೆಯ ವರಾಂಡದಲ್ಲೇ. ಮೂರೇ ಕಡ್ಡಿಯಲ್ಲಿ ಬೆಂಕಿ ಹೊತ್ತಿಸಬೇಕು. ದಾರಿ ತಪ್ಪಿದರೆ ಮೂರು ಸಲ ಸೀಟಿ ಊದಬೇಕು. ಆನೆ ಎದುರಾದರೆ ಓಡದೆ, ಮೆಲ್ಲಗೆ ಹಿಂದೆ ಸರಿಯಬೇಕು. ದಿಕ್ಕು ತಿಳಿಯಬೇಕಾದರೆ ಕೈಗಡಿಯಾರದ ಮುಳ್ಳನ್ನು ಸೂರ್ಯನ ಕಡೆಗೆ ಹಿಡಿಯಬೇಕು. ಆಷಾಢದ ಊಟಿಯಲ್ಲಿ ಸೂರ್ಯನನ್ನು ಎಲ್ಲಿಂದ ತರುವುದು ಎಂದು ನಮ್ಮಲ್ಲೊಬ್ಬರು ಕೇಳಿದರು. ಬರುವ ತನಕ ಕಾಯಬೇಕು ಎಂದು ದೊರೆ ಗಂಭೀರವಾಗಿ ಉತ್ತರಿಸಿದ. ನಾವೂ ಅದನ್ನು ಬರೆದುಕೊಂಡೆವು.

ರಜೆಯಲ್ಲಿ ಮನೆಗೆ ಹೋದಾಗ ಅಂಗಳದಲ್ಲಿ ಬೆಂಕಿಯ ಅಭ್ಯಾಸ ಮಾಡುತ್ತಿದ್ದೆ. ಅವ್ವೆ ಸೌದೆಯ ಹೊರೆ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಅಲ್ಲ ಮಗಾ, ಕಿಚ್ಚು ಹಚ್ಚಕೂ ದೊರೆ ತಾವ ಪಾಠವಾ? ನಾ ಒಂದ್ ಕಡ್ಡೀನೂ ಗೀರ್ದೆ ದಿನಾ ಹಚ್ಚಲ್ವಾ? ಆಚೆ ಮನೆ ಕೆಂಡ ತಂದ್ರೆ ಆತು."

ಅಜ್ಜಿಗೆ ಮೊಮ್ಮಗ ಕೆಮ್ಮು ಕಲಿಸಿದ ಹಾಗಾಯಿತು. ಅಷ್ಟರಲ್ಲಿ ನಾನು ಒಂಬತ್ತು ಕಡ್ಡಿ ಸುಟ್ಟಿದ್ದೆ.

ಕೊನೆಗೆ ಪರೀಕ್ಷೆಯ ದಿನ ಬಂತು. ಸೀಗೂರು ಘಾಟಿ ಇಳಿದು, ಮಸಿನಗುಡಿಯ ಆಚೆ ಹೊಳೆಯ ತನಕ ನಡೆದು ಹೋಗಬೇಕು. ದೊರೆ, ಜೊತೆಗೆ ನಾವು ನಾಲ್ವರು ಮೇಷ್ಟ್ರುಗಳು. ಉಳಿದ ಮೂವರು ಕೊಯಮತ್ತೂರಿನ ಕಡೆಯವರು, ಬೆಟ್ಟದ ಮಾತು ಬಾರದವರು. "ನೀನು ಬೆಟ್ಟದವನು, ನೀನೇ ಮುಂದೆ ನಡೆ" ಎಂದ ದೊರೆ. ನನಗೆ ಈ ಕಾಡು ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಕಾಲಲ್ಲಿ ಮೊಳೆ ಹೊಡೆದ ಹೊಸ ಬೂಟು ಬೇರೆ ಇತ್ತು. ದೊಡ್ಡ ಬೇಟೆಗಾರನ ಹಾಗೆ ನಡೆದೆ.

ಒಂದು ಕಡೆ ದಾರಿ ಕವಲಾಯಿತು. ದಿಕ್ಸೂಚಿ ಎಡಕ್ಕೆ ಹೋಗೆಂದಿತು. ಎಡದಾರಿಯ ಬಾಯಲ್ಲೇ ಎರಡು ಹಸಿ ಸೊಪ್ಪಿನ ಕೊಂಬೆ ಅಡ್ಡಡ್ಡ ಇಟ್ಟು, ಮೇಲೊಂದು ಕಲ್ಲು ಹೇರಿದ್ದರು. ನನ್ನ ಕಾಲು ನಿಂತಿತು. ಕಾಡುಕುರುಬರು ಸೊಪ್ಪು ಅಡ್ಡ ಇಟ್ಟರೆ ಅದು ಮಾಟ, ದಾಟಬೇಡ, ಬಳಸಿ ಹೋಗು ಎಂದು ನಮ್ಮ ಹಟ್ಟಿಯ ಹಿರಿಯರು ಹೆದರಿಸುತ್ತಿದ್ದರು. ಏನದು ಎಂದು ದೊರೆ ಕೇಳಿದ. ನಾನು ಇಂಗ್ಲಿಷ್ ಓದಿದವನು, ಬೂಟು ಹಾಕಿದವನು. "ಮೂಢನಂಬಿಕೆ ಸಾರ್" ಎಂದೆ. ಕಲ್ಲನ್ನೂ ಸೊಪ್ಪನ್ನೂ ಲಂಟಾನದ ಪೊದೆಯೊಳಕ್ಕೆ ಒದ್ದೆ. ದೊರೆ ಶಹಬಾಸ್ ಎಂದ.

ಒಂದು ಫರ್ಲಾಂಗು ನಡೆದಿರಲಿಕ್ಕಿಲ್ಲ, ಬಿದಿರು ಲಟಲಟನೆ ಮುರಿಯಿತು. ಆನೆಯ ಹಿಂಡು, ಕಾಲುಗಳ ನಡುವೆ ಇನ್ನೂ ನೆಟ್ಟಗೆ ನಿಲ್ಲಲಾರದ ಒಂದು ಮರಿ. ಮೆಲ್ಲಗೆ ಹಿಂದೆ ಸರಿಯಿರಿ ಎಂದು ಬರೆಸಿದ್ದ ದೊರೆ ಎಲ್ಲರಿಗಿಂತ ಮೊದಲು ಕಾಲಿಗೆ ಬುದ್ಧಿ ಹೇಳಿದ. ಸೀಟಿ ಯಾರೂ ಊದಲಿಲ್ಲ. ದಾರಿ ಬಿಟ್ಟು ಮುಳ್ಳಿನಲ್ಲಿ ಬಿದ್ದು ಎದ್ದು, ಸುತ್ತಿ ಬಳಸಿ ಮತ್ತೆ ಆ ಕವಲಿಗೆ ಬರುವಷ್ಟರಲ್ಲಿ ಒಂದು ಗಂಟೆಯೇ ಕಳೆದಿತ್ತು.

ಅಲ್ಲಿ ಒಬ್ಬ ಮುದುಕ ಕುರುಬ ಬಗ್ಗಿ ನೆಲ ನೋಡುತ್ತಿದ್ದ.

"ಗೌಡಾ, ಇಲ್ಲಿ ಸೊಪ್ಪು ಇಟ್ಟಿದ್ದೆ. ಆನೆ ಮರಿ ಹಾಕ್ಯದೆ ಅಂತ ದಾರಿ ಕಟ್ಟಿದ್ದೆ. ಯಾರು ತೆಗ್ದಾರು? ನನ್ನ ಹೆಂಡ್ತಿ ಹಿಂದೆ ಬತ್ತಿದ್ಲು."

ಅವನು ತೋರಿಸಿದ ಕಡೆ ನೋಡಿದೆ. ಧೂಳಿನಲ್ಲಿ ನಮ್ಮ ಬೂಟಿನ ಮೊಳೆಯ ಗುರುತು, ಅದರ ಮೇಲೆ ಒಂದು ಬರಿಗಾಲಿನ ಹೆಜ್ಜೆ. ನಾವು ಹೋದ ಮೇಲೆ ಅವಳು ಅದೇ ದಾರಿ ಹಿಡಿದಿದ್ದಳು. ಸೊಪ್ಪು ಕಾಣದಿದ್ದರೆ ದಾರಿ ಸುರಕ್ಷಿತ ಎಂದು ಅವರಲ್ಲಿ ಅರ್ಥ.

ಅವನು ಏನೆನ್ನುತ್ತಾನೆ ಎಂದು ದೊರೆ ಕೇಳಿದ. "ಆನೆ ಇದೆಯಂತೆ ಸಾರ್, ಎಚ್ಚರ ಎನ್ನುತ್ತಾನೆ" ಎಂದೆ.

ಮುದುಕ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ. ಉತ್ತರ ಬರಲಿಲ್ಲ. ಮತ್ತೆ ಕೂಗಿದ. ನಿಜ ಹೇಳುತ್ತೇನೆ, ಅವಳಿಗೆ ಏನಾದರೂ ಆಗಿದ್ದರೆ ನನ್ನ ಸರ್ಟಿಫಿಕೇಟು ಹೋಯಿತಲ್ಲ ಎಂದು ಒಂದು ಗಳಿಗೆ ಯೋಚಿಸಿದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬಹಳ ಹೊತ್ತಿನ ಮೇಲೆ ಪೊದೆ ಸರಿಸಿಕೊಂಡು ಅವಳು ಬಂದಳು. ಮಂಡಿ ತರಚಿತ್ತು, ಹೊತ್ತು ತರುತ್ತಿದ್ದ ಗೆಣಸಿನ ಬುಟ್ಟಿ ಎಲ್ಲೋ ಬಿದ್ದುಹೋಗಿತ್ತಂತೆ. ಮರ ಹತ್ತಿ ಕುಳಿತಿದ್ದಳಂತೆ. ಕೆಳಗೆ ಆನೆ ಇದ್ದದ್ದರಿಂದ ಗಂಡನ ಕೂಗಿಗೆ ಓಗೊಡಲಿಲ್ಲವಂತೆ. ಮುದುಕ ಅವಳ ಮಂಡಿಯನ್ನು ನೋಡಿದ, ಆಮೇಲೆ ನನ್ನ ಬೂಟನ್ನು.

"ನೀನಾ, ಗೌಡಾ?"

"ನಾನೇ. ತಪ್ಪಾಯ್ತು" ಎಂದೆ.

ಅವನಿಗೆ ಏನು ಹೇಳಿದೆ ಎಂದು ದೊರೆ ಕೇಳಿದ. ನನ್ನ ನಾಲಿಗೆ ತಡವರಿಸಲೂ ಇಲ್ಲ. "ಇನ್ನು ಮುಂದೆ ಹುಷಾರಾಗಿರಿ ಎಂದು ಬುದ್ಧಿ ಹೇಳಿದೆ, ಸಾರ್." ದೊರೆಯ ಮುಖ ಅರಳಿತು. ಈ ಜನರಿಗೆ ತಿಳಿಸಿ ಹೇಳಲು ನಿನ್ನಂಥವರೇ ಬೇಕು ಎಂದು ಎಲ್ಲರೆದುರು ಬೆನ್ನು ತಟ್ಟಿದ.

ಅವಳು ದೊರೆಯ ಕೈ ನೋಡಿದಳು, ನನ್ನನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದ್ದನ್ನು ಕೇಳುವ ಹಾಗಿತ್ತು.

"ತಪ್ಪಾಯ್ತು ಅಂದ್ಯಲ್ಲ ಗೌಡಾ. ಮತ್ತೆ ದೊರೆ ಯಾಕೆ ಬೆನ್ನು ತಟ್ತಾನೆ?"

ನಾನು ಆ ಭಾಷೆಯೇ ಬಾರದವನ ಹಾಗೆ ನಿಂತೆ. ಮರುವಾರ ನನ್ನ ಕೆಲಸ ಖಾಯಂ ಆಯಿತು.