ಕೈ ಬೀಸಬಾರದ ಕೊತ್ತಲ

ಮಂಜ ಮರಕಾಲನ ಹೊಡೆತಕ್ಕೆ ಒಂದು ಕ್ರಮ ಇತ್ತು. ಸಿಟ್ಟು ಬಂದ ಜಾಗದಲ್ಲಿ ಅವನು ಯಾರಿಗೂ ಹೊಡೆಯುತ್ತಿರಲಿಲ್ಲ. ಕೊರಳಪಟ್ಟಿ ಹಿಡಿದು, ಕೊತ್ತಲದ ಮೆಟ್ಟಿಲಿನಿಂದ ದರದರ ಎಳೆದು ತಂದು, ಕೋಟೆಯೊಳಗಿನ ಬತ್ತಿದ ಕೆರೆಯ ಹೊಂಡಕ್ಕೆ ಇಳಿಸಿ, ಅಲ್ಲಿ ಹೊಡೆಯುತ್ತಿದ್ದ. ಇದನ್ನು ನಾನು ಯಾರಿಂದಲೋ ಕೇಳಿ ಬರೆಯುತ್ತಿಲ್ಲ, ತಿಂದು ಬರೆಯುತ್ತಿದ್ದೇನೆ.

ಅದು ೧೯೯೮. ಬೈಂದೂರಿನಲ್ಲಿ ನಾನು ಸ್ಟುಡಿಯೋ ತೆರೆದ ಹೊಸತು. ಮದುವೆಯಾದ ಜೋಡಿಗಳಿಗೆಲ್ಲ ಆಗ ಸೆರಗು ಹಾರುವ ಫೋಟೋದ ಹುಚ್ಚು. ಅದಕ್ಕೆ ನಮ್ಮ ಕೋಟೆಗುಡ್ಡೆಗಿಂತ ಒಳ್ಳೆಯ ಜಾಗ ಇರಲಿಲ್ಲ. ಯಾವ ಅರಸ ಕಟ್ಟಿಸಿದ್ದೋ, ಮುರಕಲ್ಲಿನ ಗೋಡೆಗಳೆಲ್ಲ ಬಿದ್ದುಹೋಗಿ ಪಶ್ಚಿಮದ ಒಂದು ಕೊತ್ತಲ ಮಾತ್ರ ನಿಂತಿತ್ತು. ಅದರ ಮೇಲೆ ನಿಂತರೆ ಕೆಳಗೆ ಹೊಳೆ ಸಮುದ್ರ ಸೇರುವ ಅಳಿವೆ, ಆಚೆಗೆ ಕಣ್ಣು ಸೋಲುವಷ್ಟು ನೀರು. ಬಿಜೂರಿನ ಒಂದು ಜೋಡಿಯನ್ನು ಹತ್ತಿಸಿ, ಕೆಂಪು ಸೆರಗನ್ನು ಗಾಳಿಗೆ ಬಿಡಲು ಮದುಮಗಳಿಗೆ ಹೇಳಿದೆ. ಮೂಲೆಯಲ್ಲಿ ಸಮುದ್ರ ನೋಡುತ್ತ ಕೂತಿದ್ದ ದಪ್ಪ ಮೀಸೆಯ ಮನುಷ್ಯನೊಬ್ಬ ಎದ್ದ.

"ಹ್ವಾಯ್! ಸೆರಗ್ ಇಳ್ಸಿ! ಇಳ್ಸಿ ಅಂದೆ!"

"ನಿನ್ನಪ್ಪನ ಕೋಟೆಯಾ ಇದು?" ಎಂದೆ. ಮುಂದಿನ ಮಾತುಕತೆ ಹೊಂಡದಲ್ಲಿ ನಡೆಯಿತು. ನನ್ನ ತುಟಿ ಸೀಳಿತು, ಫ್ಲ್ಯಾಶ್ ಚೂರಾಯಿತು. ಮದುಮಗ ಅಷ್ಟರಲ್ಲಿ ಗುಡ್ಡೆ ಅರ್ಧ ಇಳಿದಾಗಿತ್ತು. ಮದುಮಗಳು ಮಾತ್ರ ಮೇಲೆ ನಿಂತು, "ಅವ್ರನ್ನ್ ಬಿಡಿ ಮಾರಾಯ್ರೆ, ಸತ್ತೇ ಹೋತ್ರ್!" ಎಂದು ಕೂಗುತ್ತಿದ್ದಳು. ಆ ಮದುವೆ ಎಷ್ಟು ದಿನ ಬಾಳಿತೋ ನಾನು ವಿಚಾರಿಸಲಿಲ್ಲ.

ಮರುದಿನ ಬಿದಿರಿನ ದೊಣ್ಣೆ ಹಿಡಿದು ಒಬ್ಬನೇ ಹತ್ತಿದೆ. ಅವನ ತಲೆ ಒಡೆಯುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಮಂಜ ಕೊತ್ತಲದ ಅಂಚಿನಲ್ಲಿ ನಿಂತಿದ್ದ, ಕೈಯಲ್ಲಿ ಮೈ ಒರೆಸುವ ಕೆಂಪು ಬೈರಾಸ. ಅಳಿವೆಯ ಹೊರಗೆ ನಾಲ್ಕು ದೋಣಿಗಳು ಕಾಯುತ್ತಿದ್ದವು. ಒಳಗೆ ಬರುವ ದಾರಿಯಲ್ಲಿ ಮರಳಿನ ದಿಬ್ಬ, ಅದರ ಮೇಲೆ ತೆರೆ ಒಡೆದು ಬೀಳುತ್ತಿತ್ತು. ನನ್ನ ಹೆಜ್ಜೆ ಸದ್ದು ಕೇಳಿಯೂ ಅವನು ತಿರುಗಲಿಲ್ಲ. ತುಟಿಯಲ್ಲೇ ತೆರೆ ಎಣಿಸುತ್ತಿದ್ದ. ಎಣಿಕೆ ಎಲ್ಲಿಗೋ ಮುಟ್ಟಿದಾಗ ಫಕ್ಕನೆ ಬೈರಾಸ ಎತ್ತಿದ. ಒಂದು ದೋಣಿ ಬಾಣ ಬಿಟ್ಟಂತೆ ಒಳಗೆ ನುಗ್ಗಿತು. ಹಿಂದೆಯೇ ಗೋಡೆಯಂಥ ತೆರೆ ಬಿದ್ದು ದಿಬ್ಬ ಕಾಣದಾಯಿತು. ಬೈರಾಸ ಎತ್ತಿದರೆ ಬನ್ನಿ, ಇಳಿಸಿದರೆ ನಿಲ್ಲಿ, ಅಷ್ಟೇ ಅವರ ಭಾಷೆ. ನಾನು ನಿನ್ನೆ ಕೆಂಪು ಸೆರಗು ಹಾರಿಸಿದ್ದು ಎಂಥ ಕೆಲಸವೆಂದು ಅರ್ಥವಾಯಿತು. ದೊಣ್ಣೆಯನ್ನು ಗೋಡೆಗೆ ಒರಗಿಸಿದೆ.

"ಎಂತ, ಹೊಡುಕ್ ಬಂದ್ರ್ಯಾ?" ಎಂದ. "ಕೂಕಣಿ. ದೋಣಿ ಎಲ್ಲ ಒಳ್ಗ್ ಬರ್ಲಿ. ಆಮೇಲ್ ಹೊಂಡಕ್ ಹೋಪ."

ಹೋಗಲಿಲ್ಲ. ಬೀಡಿ ಸೇದಿದೆವು. ಆಮೇಲೆ ಹನ್ನೆರಡು ವರ್ಷ ಅವನು ನನ್ನ ಸ್ನೇಹಿತ. ಬಾಯಿ ಬಿಟ್ಟರೆ ಬೈಗುಳ, ಆದರೆ ನನಗೆಂದು ಬಂಗುಡೆ ಮೀನು ತೆಗೆದಿಡುತ್ತಿದ್ದ. ಕೋಟೆ ನೋಡಲು ಬಂದವರು ದೋಣಿಗಳನ್ನು ಕಂಡ ಖುಷಿಯಲ್ಲಿ ಕರ್ಚೀಫು ಬೀಸಿದರೆ ಮುಗಿಯಿತು. ಬ್ರಹ್ಮಾವರದ ಒಬ್ಬ ದೊಡ್ಡ ಮನುಷ್ಯರು ಟೊಪ್ಪಿ ಬೀಸಿ, ಟೊಪ್ಪಿಯನ್ನೂ ಎರಡು ಹಲ್ಲನ್ನೂ ಹೊಂಡದಲ್ಲಿ ಬಿಟ್ಟು ಹೋದರು. "ಮೊದಲು ಬಾಯಲ್ಲಿ ಹೇಳಬಾರದಾ?" ಎಂದರೆ, "ಹೇಳುದ್ರೊಳ್ಗ್ ದೋಣಿ ಮಗುಚತ್ತ್" ಎನ್ನುತ್ತಿದ್ದ. ಅವನ ಹೊಡೆತವನ್ನು ನಾನು ಮೆಚ್ಚಿದವನಲ್ಲ, ಆದರೆ ತಡೆದವನೂ ಅಲ್ಲ.

ಸಮುದ್ರದಿಂದ ಕಾಣದ ಆ ಹೊಂಡದ ಗುಟ್ಟನ್ನು ಅವನು ಒಂದೇ ಸಲ ಹೇಳಿದ. ನಾನು ಬರುವ ಹಿಂದಿನ ವರ್ಷ ಆಚೆ ಕೇರಿಯ ಗೋಯ್ದನೂ ಕೊತ್ತಲ ಹತ್ತುತ್ತಿದ್ದನಂತೆ. ಯಾರ ದೋಣಿ ಮೊದಲು ಒಳಗೆ ಬರಬೇಕೆಂದು ಇಬ್ಬರಿಗೂ ಜಗಳ. ಗೋಯ್ದ ತಾಯಿ ಎತ್ತಿ ಬೈದ. ಮಂಜ ಹೊಡೆಯಲು ಕೈ ಎತ್ತಿದ.

"ಕೈಯಗ್ ಬೈರಾಸ ಇತ್ತ್" ಎಂದ. "ಹೊರ್ಗ್ ದೋಣಿಯಗ್ ನನ್ ತಮ್ಮ ಶೀನ. ನಾನ್ ಕರ್ದೆ ಅಂದೇಳಿ ಬಂದ. ನಾನ್ ಗೋಯ್ದನ ಮುಖ ಒಡೀತಾ ಇದ್ದೆ, ಆ ಬದಿಗ್ ಕಾಣ್ಲೂ ಇಲ್ಲ." ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿದ. "ಹೆಣ ಮೂರ್ ದಿನ ಬಿಟ್ಟ್ ಸಿಕ್ತ್."

೨೦೧೦ರ ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಮಧ್ಯಾಹ್ನ ಗುಡ್ಡೆ ಹತ್ತುತ್ತಿದ್ದಾಗ ಮೇಲಿನಿಂದ ಗಲಾಟೆ ಕೇಳಿ ಓಡಿದೆ. ಮೂವರು ಹುಡುಗರು, ಕುಡಿದವರು, ಅಂಗಿ ಬಿಚ್ಚಿ ಬೀಸುತ್ತಿದ್ದರಂತೆ. ಮಂಜ ಒಬ್ಬನ ಕೊರಳಿಗೆ ಕೈ ಹಾಕಿದ್ದ, ಆದರೆ ಅರವತ್ತು ದಾಟಿದವನಿಂದ ಎಳೆಯಲಾಗಲಿಲ್ಲ. ಕೊತ್ತಲದ ಮೇಲೆಯೇ ಅವನನ್ನು ಬಡಿಯುತ್ತಿದ್ದರು. ಒಬ್ಬ ಬೆಲ್ಟಿನಿಂದ, ಇನ್ನೊಬ್ಬ ಬೂಟಿನಿಂದ ಪಕ್ಕೆಲುಬಿಗೆ. ಮಂಜ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿದುಕೊಂಡು ನಿಂತಿದ್ದ, ಬೈರಾಸದ ತುದಿ ಮಾತ್ರ ಕಾಣುತ್ತಿತ್ತು. ಅಳಿವೆಯ ಹೊರಗೆ ಒಂದೇ ದೋಣಿ, ಶೀನನ ಮಗ ಸಂತೋಷನದು.

"ಹೊಡಿಯೋ ಮಂಜ, ಹೊಡಿ!" ಎಂದು ಕಿರುಚಿದೆ. ಮುಖಕ್ಕೆ ಬಿದ್ದ ಏಟಿಗೂ ಅವನು ಕೈ ಅಡ್ಡ ತರಲಿಲ್ಲ. ನಾನು ಟ್ರೈಪಾಡನ್ನು ಎರಡೂ ಕೈಯಲ್ಲಿ ಹಿಡಿದು ಒಬ್ಬನ ಮೊಣಕಾಲಿಗೆ ಬಾರಿಸಿದೆ. ಮೂಳೆಯ ಸದ್ದಾಯಿತು. ನನಗೆ ಹಿತವೇ ಆಯಿತು, ಸುಳ್ಳು ಹೇಳುವುದಿಲ್ಲ. ಉಳಿದಿಬ್ಬರು ಅವನನ್ನು ಎಳೆದುಕೊಂಡು ಇಳಿದರು.

ಮಂಜ ತೆವಳಿ ಅಂಚಿಗೆ ಹೋದ. ರಕ್ತ ಉಗಿದು ತೆರೆ ಎಣಿಸಿದ. ಮೊಣಕಾಲ ಮೇಲೆ ಎದ್ದು ಬೈರಾಸ ಎತ್ತಿದ. ದೋಣಿ ಒಳಗೆ ಬಂತು. ಆಮೇಲೆ ಬಿದ್ದ.

ಕುಂದಾಪುರದ ಆಸ್ಪತ್ರೆಯ ವರಾಂಡದಲ್ಲಿ ಸಂತೋಷ ಅಳುತ್ತ ಹೇಳಿದ: "ನಾವ್ ಕೋಟೆ ಬದಿಗ್ ಕಾಂಬುದ್ ಬಿಟ್ಟ್ ಆರ್ ವರ್ಷ ಆಯ್ತ್ ಮಾರಾಯ್ರೆ. ದಡದವ್ರ್ ಮೊಬೈಲಿಗ್ ಹೇಳ್ತ್ರ್. ದೊಡ್ಡಪ್ಪ ಎತ್ತುದೂ ಅದೇ ಹೊತ್ತಿಗೆ, ಹಂಗಾಯಿ ಅವ್ರಿಗ್ ಗೊತ್ತಾಯ್ಲ."

ಒಳಗೆ ಹೋದೆ. ಮಂಜ ಒಂದೇ ಕಣ್ಣು ತೆರೆದ.

"ನಾನ್ ಕೈ ಎತ್ಲಿಲ್ಲ. ಕಂಡ್ರ್ಯಾ?"

"ಕಂಡೆ."

"ಅವ್ನ್ ಕಂಡ್ನಾ?"

ಬಾಗಿಲಲ್ಲಿ ನಿಂತಿದ್ದ ಸಂತೋಷನ ಕಡೆ ನೋಡಿದೆ. ಅವನು ಹತ್ತಿರ ಬಂದು, "ಹೌದ್ ದೊಡ್ಡಪ್ಪ, ನೀವ್ ಬೈರಾಸ ಎತ್ತುವರೆಗೂ ಕಾದೆ" ಎಂದ. ಮೂರನೆಯ ದಿನ ಮಂಜ ಹೋದ.

ಈಗಲೂ ಜೋಡಿಗಳನ್ನು ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಸೆರಗು ಹಾರುವ ಫೋಟೋ ಬೇಕೆಂದವರನ್ನು ಹೊಂಡಕ್ಕೆ ಇಳಿಸುತ್ತೇನೆ. ಅಲ್ಲಿ ಗಾಳಿಯೇ ಇಲ್ಲವಲ್ಲ ಎಂದು ಅವರು ಸಿಟ್ಟಾಗುತ್ತಾರೆ. ಹೌದು, ಇಲ್ಲ ಎನ್ನುತ್ತೇನೆ.