ಬೂದು ಹೂವಿನ ಸ್ಟಾಂಪು

ನಮ್ಮ ದೊಡ್ಡಪ್ಪ ಗಡಿಯಾರ ರಿಪೇರಿ ಮಾಡುವವರು. ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ರಸ್ತೆಯಲ್ಲೇ ನಿಲ್ಲಬೇಕು. ದೊಡ್ಡಪ್ಪನದು ಮಾತು ಕಮ್ಮಿ. ಜಪಾನಿನ ಸುದ್ದಿ ತೆಗೆದಿರೋ, ಮುಗಿಯಿತು, ನಿಲ್ಲಿಸುವವರೇ ಇಲ್ಲ. ಆ ದೇಶವನ್ನು ಅವರು ಕಂಡದ್ದೆಲ್ಲ ಸ್ಟಾಂಪಿನಲ್ಲಿ.

ಹಿಂದೊಮ್ಮೆ ಹಳೆಯ ವಾಚಿನ ಚಕ್ರವೊಂದು ಬೇಕೆಂದು ಅಲ್ಲಿನ ಒಬ್ಬ ರಿಪೇರಿಯವನಿಗೆ ಬರೆದಿದ್ದರು. ಚಕ್ರ ಬಂತು, ಸ್ನೇಹವೂ ಬೆಳೆಯಿತು. ಇಬ್ಬರದೂ ಮುರುಕು ಇಂಗ್ಲಿಷು. ಆತ ಲಕೋಟೆಯ ತುಂಬ ಸ್ಟಾಂಪು ಅಂಟಿಸಿ, ಒಂದೊಂದರ ಅರ್ಥವನ್ನೂ ಕಾಗದದಲ್ಲಿ ಬರೆಯುತ್ತಿದ್ದ. ಲಕೋಟೆಯ ಮೂಲೆ ಕತ್ತರಿಸಿ ಬೋಗುಣಿಯಲ್ಲಿ ನೆನೆಹಾಕುವುದು ದೊಡ್ಡಮ್ಮನ ಕೆಲಸ, ಚಿಮುಟದಲ್ಲಿ ಎತ್ತಿ ಒಣಗಿಸುವುದು ದೊಡ್ಡಪ್ಪನದು. ಗಾಳಿಯಲ್ಲಿ ಹಾರುವ ಬಟ್ಟೆಯ ಮೀನು ಮಕ್ಕಳ ಹಬ್ಬಕ್ಕಂತೆ, ಕೊಕ್ಕರೆ ದೀರ್ಘಾಯುಸ್ಸಿಗಂತೆ, ವರ್ಷಕ್ಕೊಂದು ಪ್ರಾಣಿಯಂತೆ. “ಈ ಸಲ ಕೋತಿ ವರ್ಷವಂತೆ ಕಣ್ರೀ, ನೀವು ಹುಟ್ಟಿದ್ದೂ ಇಂಥದ್ರಲ್ಲೇ ಇರ್ಬೇಕು” ಎಂದು ದೊಡ್ಡಮ್ಮ ಕಾಲೆಳೆಯುತ್ತಿದ್ದರು.

ಆ ದೊಡ್ಡಮ್ಮ ಜ್ವರ ಬಂದು ತೀರಿಕೊಂಡರು. ದೊಡ್ಡಪ್ಪ ಅಳಲಿಲ್ಲ. ಸತ್ತಳು ಎಂಬ ಮಾತನ್ನೇ ಬಾಯಿಂದ ಹೊರಡಿಸಲಿಲ್ಲ. ಯಾರಾದರೂ ವಿಚಾರಿಸಿದರೆ ಕಣ್ಣಿಗೆ ಭೂತಗನ್ನಡಿ ಏರಿಸಿ ಕೆಲಸಕ್ಕೆ ಬಗ್ಗುತ್ತಿದ್ದರು. ಜಪಾನಿನ ಗೆಳೆಯನಿಗೂ ತಿಳಿಸಲಿಲ್ಲ. ನನಗೋ ಒಳಗೆ ಸಂಕಟ, ಹೊರಗೆ ಸಿಟ್ಟು.

“ಎಷ್ಟು ದಿನ ಅಂತ ಹೀಗೆ ನುಂಗ್ಕೊಂಡು ಕೂರ್ತೀರಾ ದೊಡ್ಡಪ್ಪಾ? ಒಂದ್ಸಲ ಬಾಯಿಬಿಟ್ಟು ಹೇಳ್ಬಿಡಿ.”

“ನಿನ್ನ ಕೆಲಸ ನೋಡ್ಕೋ ಹೋಗೇ.”

ಹೊಸ ವರ್ಷ ಹತ್ತಿರ ಬಂತು. ಗೆಳೆಯನಿಗೆ ಕಾರ್ಡು ಹೋಗಬೇಕು. ಅಂದಕ್ಕಿರಲೆಂದು, ಸ್ಟಾಂಪಿನ ಅಂಗಡಿಯಲ್ಲಿ ಕೊಂಡಿದ್ದ ಜಪಾನಿನ ಹೊಸ ಸ್ಟಾಂಪೊಂದನ್ನು ಕಾರ್ಡಿನೊಳಗೆ ಅಂಟಿಸಿದರು. ಬೂದು ಬಣ್ಣದ ಹೂವು. “ನೋಡೇ, ಎಷ್ಟು ನಾಜೂಕು! ಗಾಢ ಬಣ್ಣ ಬಳಿಯೋಕೆ ಯಾರಿಗಾದ್ರೂ ಬರುತ್ತೆ” ಎಂದರು. ಅದರ ಕೆಳಗೆ, ನಾವೆಲ್ಲ ಕ್ಷೇಮ, ಎಂದು ಬರೆದರು. ನನಗೂ ಚೆನ್ನಾಗಿಯೇ ಕಂಡಿತು.

ಕೆಲವು ವಾರಗಳಲ್ಲಿ ಪಾರ್ಸೆಲ್ ಬಂತು. ಒಳಗೆ ಸಣ್ಣ ಊದುಬತ್ತಿಗಳ ಪೆಟ್ಟಿಗೆ, ಜೊತೆಗೊಂದು ಕಾಗದ. ದೊಡ್ಡಪ್ಪನ ಕೈಯಲ್ಲಿ ಬಿಚ್ಚಿದ ವಾಚು ಇದ್ದುದರಿಂದ ನಾನೇ ಓದಿ ಹೇಳಿದೆ.

“ಈ ಸ್ಟಾಂಪನ್ನು ನಮ್ಮಲ್ಲಿ ಸಾವಿನ ಕಾಗದಕ್ಕೆ ಅಂಟಿಸುತ್ತೇವೆ. ಸಾವಾದ ಮನೆಯವರು ಆ ಸಲ ಹೊಸ ವರ್ಷದ ಶುಭಾಶಯ ಕಳಿಸುವುದಿಲ್ಲ. ಕ್ಷೇಮ ಎಂದು ಬರೆದಿದ್ದೀರಿ, ಆದರೆ ಸ್ಟಾಂಪಿನಲ್ಲಿ ನಿಜ ಹೇಳಿದ್ದೀರಿ. ನೀವು ನಿಮ್ಮ ಹೆಂಡತಿಯ ಸುದ್ದಿ ಬರೆಯದೆ ಬಹಳ ದಿನವಾಯಿತು. ನಾನು ಏನೂ ಕೇಳುವುದಿಲ್ಲ. ಊದುಬತ್ತಿ ಅವರಿಗಾಗಿ.”

“ಅಯ್ಯಯ್ಯೋ, ಎಂಥಾ ಎಡವಟ್ಟಾಯ್ತೇ!” ದೊಡ್ಡಪ್ಪ ಗಾಬರಿಬಿದ್ದರು. “ಗೊತ್ತಿಲ್ದೆ ಅಂಟಿಸಿದ್ದು ಅಂತ ಈಗ್ಲೇ ಬರೆದುಬಿಡು.”

ನನಗೆ ಪಿತ್ತ ನೆತ್ತಿಗೇರಿತು. ಪೆನ್ನು ತೆಗೆದೆ. “ಆಯ್ತು, ಹೇಳಿ, ಏನಂತ ಬರೀಲಿ? ನಮ್ಮನೇಲಿ ಯಾರೂ ಸತ್ತಿಲ್ಲ ಅಂತಲಾ?”

ಗಿರಾಕಿಯೊಬ್ಬರು ವಾಚು ಹಿಡಿದು ರಸ್ತೆಯಲ್ಲಿ ಕಾಯುತ್ತಿದ್ದರು. “ಆಮೇಲೆ ಬನ್ನಿ” ಎಂದು ದೊಡ್ಡಪ್ಪ ಅವರನ್ನು ಕಳಿಸಿದರು.

“ಹಾಗೆ ಬರೀಬೇಡ” ಎಂದರು. “ಸತ್ತುಹೋದ್ಲು ಅಂತ ಬರಿ. ನನ್ನ ಹೆಂಡತಿ ಸತ್ತುಹೋದ್ಲು ಅಂತ ಬರಿ.”

ಅಷ್ಟು ಹೇಳಿದವರೇ, ಅಂಗಡಿಯ ಬಾಗಿಲು ತೆರೆದಿದೆ, ಜನ ನೋಡುತ್ತಾರೆ ಎನ್ನುವುದನ್ನೂ ಮರೆತು, ಗೊಳೋ ಎಂದು ಅತ್ತುಬಿಟ್ಟರು.